ಮುತ್ತಾತನ ಜಾಡು ಹಿಡಿಯೋದು ಹೇಗೆ: ಹೆಸರಿಗಿಂತ ಮೊದಲು ಸರ್ವೆ ನಂಬರ್ ಹಿಡ್ಕೊಳ್ಳಿ

ಮೂರು ವರ್ಷದ ಹಿಂದೆ ಹಿರಿಯರ ಹಬ್ಬದ ದಿನ ಊರಲ್ಲಿ ಎಡೆ ಇಡ್ತಾ ಇದ್ವಿ. ನಮ್ಮೂರು ಮುಳಬಾಗಿಲು ತಾಲೂಕು, ಆವನಿ ಕಡೆ. ನಮ್ಮ ಸೋದರತ್ತೆ ಒಂದೊಂದೇ ಎಲೆ ಹಾಕ್ಕೊಂಡು ಇದು ನಮ್ಮಪ್ಪನಿಗೆ, ಇದು ನಮ್ಮವ್ವನಿಗೆ ಅಂತ ಹೇಳ್ತಾ ಬಂದು ಕೊನೇ ಎಲೆ ಹತ್ರ "ಇದು ಗಣೀಲಿ ಹೋದೋರಿಗೆ" ಅಂದ್ರು. ಯಾರು ಅತ್ತೆ ಅಂದ್ರೆ, ನಿಮ್ಮ ಮುತ್ತಾತ, ಕೆಜಿಎಫ್‌ನಲ್ಲಿ ಏರ್‌ಬ್ಲಾಸ್ಟ್ ಆಗಿ (ಗಣಿಯೊಳಗೆ ಬಂಡೆ ಸಿಡಿಯೋದಕ್ಕೆ ಅಲ್ಲಿ ಹಂಗಂತಾರೆ) ಸತ್ರಂತೆ ಅಂದ್ರು. ಯಾವ ಗಣಿ, ಯಾವ ವರ್ಷ, ಎಲ್ಲಿ ಮಣ್ಣು ಮಾಡಿದ್ರು, ಒಂದೂ ಯಾರಿಗೂ ಗೊತ್ತಿಲ್ಲ. ಅವತ್ತು ಶುರು ಮಾಡಿದ ಕೆಲಸ ಎರಡು ವರ್ಷ ಹಿಡೀತು, ಅದರಲ್ಲಿ ಮೊದಲ ಎಂಟು ತಿಂಗಳು ಬರೀ ತಪ್ಪು ಜಾಗದಲ್ಲಿ ಹುಡುಕಿದ್ದೇ ಆಯ್ತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ಯಾರಾದ್ರೂ ತಮ್ಮ ಹಿರಿಯರ ಬಗ್ಗೆ ಹುಡುಕೋಣ ಅಂತಿದ್ರೆ ಆ ಎಂಟು ತಿಂಗಳು ನಿಮಗೆ ಉಳೀಲಿ ಅಂತ ಇದನ್ನ ಬರೀತಾ ಇದೀನಿ.

ಮೊದಲು ಮನೆ, ಆಫೀಸು ಆಮೇಲೆ

ತಾಲೂಕು ಕಚೇರಿ ಎಲ್ಲಿಗೂ ಓಡಿಹೋಗಲ್ಲ, ಆದ್ರೆ ಎಂಬತ್ತು ದಾಟಿದ ಅಜ್ಜಿ ತಾತಂದಿರು ಮುಂದಿನ ಹಬ್ಬಕ್ಕೆ ಇರ್ತಾರೋ ಇಲ್ವೋ. ಹಾಗಾಗಿ ಮೊದಲು ಅವರ ಹತ್ರ ಕೂತ್ಕೊಳ್ಳಿ. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಕೇಳಿ ಒಪ್ಪಿಗೆ ತಗೊಂಡೇ. ನಮ್ಮ ಕಡೆ ಅರ್ಧ ಮನೆಗಳಲ್ಲಿ ಒಳಗಡೆ ತೆಲುಗು, ಹೊರಗಡೆ ಕನ್ನಡ, ಅವರು ಯಾವುದರಲ್ಲಿ ಮಾತಾಡಿದ್ರೆ ಸಲೀಸೋ ಅದರಲ್ಲೇ ಮಾತಾಡಿಸಿ.

"ಯಾವ ಇಸವಿ" ಅಂತ ಮಾತ್ರ ಕೇಳ್ಬೇಡಿ, ಗೊತ್ತಿಲ್ಲ ಅನ್ನೋ ಉತ್ತರ ಬರುತ್ತೆ, ಮಾತು ಅಲ್ಲಿಗೇ ನಿಂತೋಗುತ್ತೆ. ಏನಾದ್ರೂ ಒಂದು ಘಟನೆ ಹಿಡ್ಕೊಂಡು ಕೇಳಿ. ವಿದುರಾಶ್ವತ್ಥದಲ್ಲಿ ಗುಂಡು ಹಾರಿದಾಗ (1938) ತಾತ ಎಷ್ಟು ದೊಡ್ಡೋರಿದ್ರು, ಗಾಂಧೀಜಿ ಸತ್ತಾಗ (1948) ಅತ್ತೆ ಹುಟ್ಟಿದ್ರಾ, ಊರಿಗೆ ಕರೆಂಟ್ ಬಂದಾಗ ಮುತ್ತಜ್ಜಿ ಇದ್ರಾ, ಕೆರೆ ಕೋಡಿ ಬಿದ್ದ ವರ್ಷ ಯಾರ ಮದುವೆ ಆಯ್ತು, ಈ ಥರ. ಒಂದು ಸಾವು ಇನ್ನೊಂದು ಹುಟ್ಟಿಗೆ ಗಂಟು ಹಾಕ್ಕೊಂಡಿರುತ್ತೆ ಅವರ ನೆನಪಲ್ಲಿ, ಅದನ್ನೇ ಹಿಡ್ಕೊಂಡು ಹೋಗ್ಬೇಕು.

ಸಂವತ್ಸರದ ಹೆಸರು ಬಂದ್ರೆ ತಕ್ಷಣ ಬರ್ಕೊಳ್ಳಿ, ಆದ್ರೆ ತುಂಬಾ ಹುಷಾರಾಗಿರಿ, ನಾನು ಎಡವಿದ್ದು ಇಲ್ಲೇ. ನಮ್ಮ ಮನೇಲಿ "ಧಾತು ವರ್ಷ ಗಣಿಗೆ ಹೋದ್ರು" ಅನ್ನೋ ಮಾತಿತ್ತು. ಧಾತು ಅಂದ ತಕ್ಷಣ ನನ್ನ ತಲೇಲಿ ಬಂದಿದ್ದು ಧಾತು ಈಶ್ವರ ಬರ, ಅಂದ್ರೆ 1876-78ರ ದೊಡ್ಡ ಬರ. ಹಂಗಂದ್ಕೊಂಡು ಯಾವ್ಯಾವುದೋ ಹಳೇ ಕಾಗದ ಹುಡುಕ್ತಾ ಇದ್ದೆ. ಆಮೇಲೆ ಹೊಳೀತು, ಜಾನ್ ಟೇಲರ್ ಕಂಪನಿಯವರು ಕೋಲಾರಕ್ಕೆ ಬಂದಿದ್ದೇ 1880ರಲ್ಲಿ, 1876ರಲ್ಲಿ ಹೋಗೋಕೆ ಕಂಪನಿ ಗಣೀನೇ ಇರಲಿಲ್ಲ! ಸಂವತ್ಸರ 60 ವರ್ಷಕ್ಕೊಂದು ಸಲ ಸುತ್ತಿ ಬರುತ್ತಲ್ಲ, ಇದು ಮುಂದಿನ ಧಾತು, 1936-37. ಲೆಕ್ಕ ಹಾಕೋದು ಸುಲಭ, ಪ್ರಭವ 1867, 1927, 1987ರ ಯುಗಾದಿಗೆ ಶುರುವಾಗುತ್ತೆ, ಅಲ್ಲಿಂದ ಬೆರಳಲ್ಲಿ ಎಣಿಸ್ಕೊಂಡು ಹೋದ್ರೆ ಹತ್ತನೇದು ಧಾತು. ಆಳಿನ ವಯಸ್ಸು, ಮಕ್ಕಳ ವಯಸ್ಸು ನೋಡ್ಕೊಂಡು ಯಾವ ಸುತ್ತು ಅಂತ ತೀರ್ಮಾನ ಮಾಡ್ಬೇಕು.

ಮಾತು ಮುಗಿದ ಮೇಲೆ ಟ್ರಂಕು. ಅಟ್ಟದ ಮೇಲಿರೋ ತಗಡಿನ ಪೆಟ್ಟಿಗೆ, ದೇವರ ಮನೆ ಗೂಡು, ಹಳೇ ಕ್ಯಾಲೆಂಡರ್ ಹಿಂದೆ, ಎಲ್ಲಾ ನೋಡಿ. ಕಂದಾಯದ ರಸೀದಿ, ಛಾಪಾ ಕಾಗದ, ಸಾಗುವಳಿ ಚೀಟಿ (ಸರ್ಕಾರ ಜಮೀನು ಮಂಜೂರು ಮಾಡಿ ಕೊಟ್ಟಿದ್ದು), ಹಳೇ ರೇಷನ್ ಕಾರ್ಡು, ಜಾತಕ, ತಿಥಿ ಕಾರ್ಡು, ಗಣಿ ಕೆಲಸದ ಟೋಕನ್ನು, ಪಿಎಫ್ ಚೀಟಿ. ಒಂದೊಂದು ಸಾಗುವಳಿ ಚೀಟೀಲಿ ಹೆಸರು, ತಂದೆ ಹೆಸರು, ಸರ್ವೆ ನಂಬರು, ತಾರೀಖು ಎಲ್ಲಾ ಒಂದೇ ಕಡೆ ಸಿಗುತ್ತೆ. ಮಡಚಿದ ಕಾಗದ ಬಿಡಿಸುವಾಗ ಮಡಿಕೆ ಕಿತ್ತು ಬರುತ್ತೆ, ಸೆಲೋಟೇಪ್ ಮಾತ್ರ ಹಾಕ್ಬೇಡಿ, ಹತ್ತು ವರ್ಷಕ್ಕೆ ಅದು ಹಳದಿ ಆಗಿ ಅಕ್ಷರಾನೂ ತಿಂದುಹಾಕುತ್ತೆ. ಅಗಲ ಮಾಡಿ ಹಗಲು ಬೆಳಕಲ್ಲಿ ಫೋಟೋ ತೆಗೆದು ವಾಪಸ್ ಹಂಗೇ ಇಡಿ.

ಪಾತ್ರೆಗಳನ್ನ ಮರೀಬೇಡಿ. ನಮ್ಮ ಮುತ್ತಜ್ಜಿ ಹೆಸರು ಸಿಕ್ಕಿದ್ದೇ ಒಂದು ಹಿತ್ತಾಳೆ ಬಿಂದಿಗೆ ಕತ್ತಿನ ಮೇಲೆ. ಚುಕ್ಕಿ ಚುಕ್ಕಿಯಾಗಿ ಕೆತ್ತಿರೋ ತೆಲುಗು ಅಕ್ಷರ, ಹುಣಸೆಹಣ್ಣು ಹಾಕಿ ಉಜ್ಜಿದ ಮೇಲೆ ಕಂಡಿದ್ದು, ಅವರ ಹೆಸರು, ಅವರಣ್ಣನ ಹೆಸರು, ತವರಿನ ಊರು. ಮದುವೇಲಿ ಕೊಟ್ಟಿದ್ದಿರಬೇಕು. ಸರ್ಕಾರದ ಯಾವ ಪುಸ್ತಕದಲ್ಲೂ ಆ ಊರಿನ ಹೆಸರು ನನಗೆ ಸಿಕ್ಕಿರಲಿಲ್ಲ.

ಹೆಸರು ನಂಬ್ಕೊಂಡು ಹೊರಡ್ಬೇಡಿ

ನಮ್ಮ ಸೀಮೇಲಿ ಒಂದೇ ಊರಲ್ಲಿ ಐದು ಜನ ಮುನಿಯಪ್ಪ, ಮೂರು ಜನ ಮುನಿಶಾಮಪ್ಪ, ನಾಲ್ಕು ಜನ ವೆಂಕಟಪ್ಪ ಇರ್ತಾರೆ. ಅದರ ಮೇಲೆ ಮನೇಲಿ ಕರೆಯೋ ಹೆಸರು ಒಂದು, ಊರ ಲೆಕ್ಕ ಬರೀತಿದ್ದ ಶಾನುಭೋಗರು ಬರ್ಕೊಂಡಿದ್ದು ಇನ್ನೊಂದು, ಗಣೀಲಿ ತಮಿಳು ಮೇಸ್ತ್ರಿ ಬರೆಸಿದ್ದು ಮತ್ತೊಂದು. ತಾತನ ಹೆಸರೇ ಮೊಮ್ಮಗನಿಗೆ ಇಡೋ ಪದ್ಧತಿ ಬೇರೆ ಇದೆ, 1930ರ ಕಾಗದದಲ್ಲಿರೋರು ಮುತ್ತಾತನೋ ಅವರ ತಾತನೋ ಅಂತ ಗೊಂದಲ ಆಗುತ್ತೆ. ಹೆಸರು ಅಳಿಸಿಹೋಗಬಹುದು, ಬದಲಾಗಬಹುದು, ಹೊಲ ಮಾತ್ರ ಅಲ್ಲೇ ಇರುತ್ತೆ. ಅದಕ್ಕೇ ನಾನು ಹೇಳೋದು, ಮನೆತನಕ್ಕೆ ಅಂಗೈ ಅಗಲ ಜಮೀನು ಇದ್ದಿದ್ರೂ ಸಾಕು, ಅದರ ಸರ್ವೆ ನಂಬರ್ ಹಿಡ್ಕೊಂಡು ಹಿಂದಕ್ಕೆ ಹೋಗಿ.

ಜಮೀನು ಯಾವಾಗಲೋ ಮಾರಿಬಿಟ್ಟಿದಾರೆ, ನಂಬರ್ ಗೊತ್ತಿಲ್ಲ ಅಂದ್ರೂ ಪರವಾಗಿಲ್ಲ. ಊರಲ್ಲಿ ಯಾರಾದ್ರೂ ವಯಸ್ಸಾದೋರನ್ನ ಕರ್ಕೊಂಡು ಹೋಗಿ "ನಿಮ್ಮೋರ ಹೊಲ ಇದೇ" ಅಂತ ತೋರಿಸೋ ಜಾಗದಲ್ಲಿ ನಿಂತ್ಕೊಂಡು ಫೋನಲ್ಲಿ ದಿಶಾಂಕ್ ಆಪ್ ತೆಗೀರಿ, ಸರ್ವೆ ಇಲಾಖೆಯದ್ದು, ನಿಂತಿರೋ ಜಾಗದ ಸರ್ವೆ ನಂಬರ್ ತೋರಿಸುತ್ತೆ.

ಇನ್ನೊಂದು, ಯಾವ ತಾಲೂಕು ಯಾವ ಜಿಲ್ಲೆ ಅನ್ನೋದು ಆಗಿನ ಲೆಕ್ಕದಲ್ಲಿ ನೋಡ್ಬೇಕು. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ, ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಡತಗಳ ಮೇಲೆಲ್ಲಾ ಕೋಲಾರ ಅಂತಲೇ ಇರುತ್ತೆ. ಬಂಗಾರಪೇಟೆ ಹಳೇ ಕಾಗದದಲ್ಲಿ ಬೌರಿಂಗ್‌ಪೇಟೆ. ಕೆಜಿಎಫ್ ಈಚೆಗೆ ಬೇರೆ ತಾಲೂಕಾಯ್ತು, ಹಳೇದೆಲ್ಲಾ ಬಂಗಾರಪೇಟೆ ಹೆಸರಲ್ಲೇ ಇದೆ. ಅರ್ಜೀಲಿ ಹಳೇ ಹೆಸರು, ಹೋಬಳಿ, ಗ್ರಾಮ ಮೂರೂ ಬರೀರಿ.

ಪಹಣಿಯಿಂದ ಹಿಂದಕ್ಕೆ

ಇವತ್ತಿನ ಪಹಣಿಯಿಂದ ಶುರು ಮಾಡಿ. ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಲ್ಲಿ ಸಿಗುತ್ತೆ. ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಹತ್ತರಲ್ಲಿ ಅದು ಹೇಗೆ ಬಂತು ಅಂತ ಒಂದು ಎಂ.ಆರ್. ನಂಬರ್, ಹನ್ನೊಂದರಲ್ಲಿ ಸಾಲ ಸೋಲ ಹಕ್ಕು, ಹನ್ನೆರಡರಲ್ಲಿ ಉಳುಮೆ ಮಾಡ್ತಿರೋದು ಯಾರು ಅಂತ. ನಿಮಗೆ ಬೇಕಾಗಿರೋದು ಆ ಎಂ.ಆರ್. ನಂಬರ್, ಅಂದ್ರೆ ಮ್ಯುಟೇಶನ್. ಅದರ ನಕಲು ತೆಗೆಸಿದ್ರೆ ಇದಕ್ಕೂ ಹಿಂದೆ ಯಾರ ಹೆಸರಲ್ಲಿತ್ತು, ಯಾಕೆ ಬದಲಾಯ್ತು ಅಂತ ಬರೆದಿರುತ್ತೆ. ಕ್ರಯ ಅಂದ್ರೆ ಮಾರಾಟ, ವಿಭಾಗ ಅಂದ್ರೆ ಪಾಲು, ಪೌತಿ ಅಂದ್ರೆ ಖಾತೆದಾರರು ತೀರಿಕೊಂಡು ವಾರಸುದಾರರಿಗೆ ಬಂದಿದ್ದು. ಐ.ಎಚ್.ಆರ್. ಅಂತ ಇದ್ರೂ ವಾರಸೇ. ನಮ್ಮ ಕೆಲಸಕ್ಕೆ ಪೌತಿ ಬಂಗಾರದಂಥದ್ದು, ಯಾಕಂದ್ರೆ ಸತ್ತ ಕಾಲ ಅಂದಾಜಾಗುತ್ತೆ, ಎಲ್ಲಾ ಮಕ್ಕಳ ಹೆಸರು ಒಟ್ಟಿಗೆ ಸಿಗುತ್ತೆ. ಆದ್ರೆ ಪೌತಿ ಮಾಡಿಸಿದ ವರ್ಷವೇ ಸತ್ತ ವರ್ಷ ಅಂದ್ಕೋಬೇಡಿ, ನಮ್ಮ ಜನ ಇಪ್ಪತ್ತು ವರ್ಷ ಬಿಟ್ಟು ಮಾಡಿಸ್ತಾರೆ.

ಭೂಮಿ ಕಂಪ್ಯೂಟರಿಗೆ ಬಂದಿದ್ದು 2000ದ ಆಸುಪಾಸು. ಅದಕ್ಕೂ ಹಿಂದೆ ಕೈಬರಹದ ಪಹಣಿ, ಅದಕ್ಕೂ ಹಿಂದೆ ಇಂಡೆಕ್ಸ್ ಆಫ್ ಲ್ಯಾಂಡ್ಸು, ರೆಕಾರ್ಡ್ ಆಫ್ ರೈಟ್ಸು, ಆಫೀಸಲ್ಲಿ ಐ.ಎಲ್., ಆರ್.ಆರ್. ಅಂತಾರೆ. ಇವು ತಾಲೂಕು ಕಚೇರಿಯ ರೆಕಾರ್ಡ್ ರೂಮಲ್ಲಿ. ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಹೊಲದ ಅಳತೆ ನಕ್ಷೆ), ಗ್ರಾಮ ನಕ್ಷೆ ಸರ್ವೆ ಆಫೀಸಲ್ಲಿ. ಅರ್ಜಿ ಬರೆಯುವಾಗ "ನಮ್ಮ ತಾತನ ದಾಖಲೆ ಕೊಡಿ" ಅಂದ್ರೆ ಯಾರೂ ಹುಡುಕಲ್ಲ, ಹುಡುಕೋಕೆ ಆಗೋದೂ ಇಲ್ಲ. ಇಂಥ ಹೋಬಳಿ, ಇಂಥ ಗ್ರಾಮ, ಸರ್ವೆ ನಂಬರ್ ಇಷ್ಟು, ಇಷ್ಟನೇ ಇಸವಿಯಿಂದ ಇಷ್ಟನೇ ಇಸವಿವರೆಗಿನ ಪಹಣಿ, ಆ ಸರ್ವೆ ನಂಬರಿನ ಐ.ಎಲ್. ಮತ್ತು ಆರ್.ಆರ್. ದೃಢೀಕೃತ ನಕಲು, ಅಂತ ಒಂದೇ ಉಸಿರಲ್ಲಿ ಬರೀಬೇಕು. ಈಗ ಭೂ ಸುರಕ್ಷಾ ಅನ್ನೋ ಯೋಜನೇಲಿ ತಾಲೂಕು ಕಚೇರಿ ಹಳೇ ಕಡತಗಳನ್ನ ಸ್ಕ್ಯಾನ್ ಮಾಡ್ತಾ ಇದಾರೆ, ನಿಮ್ಮ ಊರಿಂದು ಆಗಿದ್ಯಾ ಅಂತ ಮೊದಲೇ ಕೇಳಿ.

ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಉತ್ತರ ಬರ್ಲಿಲ್ಲ ಅಂದ್ರೆ (ನನಗೆ ಒಂದು ಕಚೇರೀಲಿ ನಾಲ್ಕು ಸಲ "ಫೈಲ್ ಸಿಕ್ಕಿಲ್ಲ, ಮುಂದಿನ ವಾರ ಬನ್ನಿ" ಅಂದ್ರು) ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಮೀರಿದ್ರೆ ಅದೇ ನೆಪದಲ್ಲಿ ವಾಪಸ್ ಬರುತ್ತೆ. ನನಗೆ ಐದನೇ ಸಲ ಸಿಕ್ತು, ಹುಡುಕಿಕೊಟ್ಟ ಗುಮಾಸ್ತರು ಆಮೇಲೆ ತಾವೇ ಕೂತು ಅಕ್ಷರ ಓದಿಕೊಟ್ರು, ಆ ಉಪಕಾರಾನೂ ಇಲ್ಲಿ ಹೇಳ್ಬೇಕು.

ಓದೋಕೆ ಕೆಲವು ಸಂಕೇತ ಗೊತ್ತಿರಬೇಕು. ಬಿನ್ ಅಂದ್ರೆ ಮಗ, ಕೋಂ ಅಂದ್ರೆ ಹೆಂಡತಿ, ಉರುಫ್ ಅಂದ್ರೆ ಇನ್ನೊಂದು ಹೆಸರು, ಮೈ.ಗಾ. ಅಂದ್ರೆ ಮೈನರ್ ಗಾರ್ಡಿಯನ್. ಖುಷ್ಕಿ ಮಳೆ ಆಶ್ರಯದ ಹೊಲ, ತರಿ ಕೆರೆ ನೀರಿನ ಗದ್ದೆ, ಬಾಗಾಯ್ತು ತೋಟ. ಎಕರೆಗೆ 40 ಗುಂಟೆ, ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕೆಲವು ಕಡೆ ಪಾಲನ್ನೂ ಆಣೇಲಿ ಬರೆದಿರ್ತಾರೆ, ನಾಲ್ಕಾಣೆ ಭಾಗ ಅಂದ್ರೆ ಕಾಲು ಪಾಲು. ಅಂಕಿ ಎಲ್ಲಾ ಕನ್ನಡದ್ದು, ೬ ಮತ್ತು ೯ ಕೈಬರಹದಲ್ಲಿ ಅದಲು ಬದಲು ಕಾಣುತ್ತೆ, ಇಸವಿ ಓದುವಾಗ ಮುಂದಿನ ಹಿಂದಿನ ನಮೂದು ನೋಡಿ ತಾಳೆ ಹಾಕಿ. ಶಾನುಭೋಗರ ಮೋಡಿ ಅಕ್ಷರ (ಕೂಡಿಸಿ ಬರೆದ ಕೈಬರಹ) ಇದ್ರೆ ಹಳೇ ಶಾನುಭೋಗರ ಮನೆಯವರನ್ನೇ ಕೇಳ್ಬೇಕು. ಕೆಲವರ ಮನೇಲಿ ಇನ್ನೂ ಕಡತಗಳಿವೆ, ಬಟ್ಟೆಗೆ ಹುಣಸೆಬೀಜದ ಸರಿ ಮತ್ತೆ ಇದ್ದಿಲು ಬಳಿದು ಕಪ್ಪು ಮಾಡಿ ಬಳಪದಲ್ಲಿ ಬರೀತಿದ್ದ ಮಡಿಕೆ ಪುಸ್ತಕ, ಕೈ ಒರೆಸಿದ್ರೆ ಅಕ್ಷರ ಹೋಗುತ್ತೆ, ದಯವಿಟ್ಟು ಮುಟ್ಟದೆ ಫೋಟೋ ತೆಗೀರಿ.

ನಮ್ಮ ಪೌತಿ ನಮೂದು ಸಿಕ್ಕಿದಾಗ ನಾನು ಅದನ್ನ ಮೂರು ಸಲ ಓದಿದೆ. ಖುಷ್ಕಿ ಎರಡು ಎಕರೆ ಚಿಲ್ಲರೆ, ಖಾತೆದಾರರು ಊರಲ್ಲಿ ಕಾಯಿಲೆಯಿಂದ ಮೃತರಾದ ಪ್ರಯುಕ್ತ ಮಕ್ಕಳ ಹೆಸರಿಗೆ, 1951. ಊರಲ್ಲಿ. ಕಾಯಿಲೆಯಿಂದ. ಗಣಿ ಸುದ್ದೀನೇ ಇಲ್ಲ.

ಇನಾಂ, ಮಾನ್ಯ, ಫಾರಂ 7

ಮನೆತನಕ್ಕೆ ಊರ ಕೆಲಸ ಇದ್ರೆ, ಅಂದ್ರೆ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ, ಅದಕ್ಕೆ ಮಾನ್ಯದ ಜಮೀನು ಇದ್ದಿರುತ್ತೆ. ನಮ್ಮದು ನೀರಗಂಟಿ ಮನೆ, ಕೆರೆ ತೂಬು ಎತ್ತಿ ಅಚ್ಚುಕಟ್ಟಿಗೆ ಸರದಿ ಮೇಲೆ ನೀರು ಬಿಡೋರು. ಗ್ರಾಮಾಧಿಕಾರ ರದ್ದತಿ ಕಾಯ್ದೆ 1961ರದ್ದು, ಜಾರಿಗೆ ಬಂದಿದ್ದು 1963ರ ಫೆಬ್ರವರಿ 1ಕ್ಕೆ, ಆಮೇಲೆ ಆ ಜಮೀನು ಅದೇ ಮನೆಯವರಿಗೆ ರೀಗ್ರ್ಯಾಂಟ್, ಅಂದ್ರೆ ಮರುಮಂಜೂರು, ಆಗಿರುತ್ತೆ. ಆ ರೀಗ್ರ್ಯಾಂಟ್ ಫೈಲಲ್ಲಿ ಯಾರ ನಂತರ ಯಾರು ಆ ಕೆಲಸ ಮಾಡಿದ್ರು ಅಂತ ವಂಶಾವಳಿ ಬರೆದಿರ್ತಾರೆ, ಪಹಣೀಲಿ ಸಿಗದ ಎರಡು ತಲೆಮಾರು ಅಲ್ಲಿ ಸಿಗಬಹುದು. ದಲಿತ ಕುಟುಂಬಗಳಿಗೆ ಇದು ಬಹಳ ಮುಖ್ಯ, ಎಷ್ಟೋ ಮನೆಗಳಿಗೆ ಇದೊಂದೇ ಹಳೇ ಕಾಗದ.

ಊರು ಜೋಡಿ ಗ್ರಾಮ (ಕಡಿಮೆ ಕಂದಾಯಕ್ಕೆ ಇನಾಂ ಕೊಟ್ಟಿದ್ದ ಊರು) ಆಗಿದ್ರೆ 1954, 1955ರ ಇನಾಂ ರದ್ದತಿ ಕಾಯ್ದೆಗಳ ಆದೇಶ ಹುಡುಕಿ. ಗೇಣಿ ಮಾಡ್ತಿದ್ದೋರಾದ್ರೆ 1974ರ ಭೂಸುಧಾರಣೆ ತಿದ್ದುಪಡಿ ಆದ್ಮೇಲೆ ಫಾರಂ 7 (ಉಳ್ತಿರೋ ಹೊಲದ ಹಕ್ಕು ಕೊಡಿ ಅನ್ನೋ ಅರ್ಜಿ) ಕೊಟ್ಟಿರ್ತಾರೆ, ಭೂ ನ್ಯಾಯ ಮಂಡಳಿ ಫೈಲಲ್ಲಿ ಅವರು ಕೊಟ್ಟ ಹೇಳಿಕೆ ಇರುತ್ತೆ. "ನಮ್ಮಪ್ಪನ ಕಾಲದಿಂದ ನಾನು ಉಳ್ತಾ ಇದೀನಿ" ಅಂತ ಹೆಬ್ಬೆಟ್ಟು ಒತ್ತಿ ಕೊಟ್ಟ ಹೇಳಿಕೆ, ಓದು ಬರಹ ಬರದ ನಮ್ಮ ಹಿರಿಯರ ಸ್ವಂತ ಮಾತು ಕಾಗದದ ಮೇಲೆ ಉಳಿದಿರೋ ಜಾಗ ಅದು.

ಸಬ್ ರಿಜಿಸ್ಟ್ರಾರ್ ಆಫೀಸು: ಕಾಗದದ ಅಂಚು ಓದಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಶ್ರೀಮಂತ ಜಾಗ, ಜನ ಇಲ್ಲಿಗೆ ಬರೋದೇ ಇಲ್ಲ. ಇ.ಸಿ. (ಆ ಆಸ್ತಿ ಮೇಲೆ ಆಗಿರೋ ನೋಂದಣಿಗಳ ಪಟ್ಟಿ, ಋಣಭಾರ ಪತ್ರ) ತೆಗೆಸಿ, ವಹಿವಾಟು ಇದ್ರೆ ಫಾರಂ 15ರಲ್ಲಿ ಬರುತ್ತೆ, ಇಲ್ಲದಿದ್ರೆ ಫಾರಂ 16. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಲ್ಲಿ ಸಿಗೋದು ಹೆಚ್ಚುಕಮ್ಮಿ 2004ರಿಂದ ಈಚೆಗಿನದು, ಹಿಂದಿನದಕ್ಕೆ ಆಫೀಸಿಗೇ ಹೋಗಿ ಹುಡುಕಾಟದ ಶುಲ್ಕ ಕಟ್ಟಬೇಕು. 1908ರ ನೋಂದಣಿ ಕಾಯ್ದೆ ಪ್ರಕಾರ ಸ್ಥಿರಾಸ್ತಿ ಪತ್ರಗಳ ನಕಲು 1ನೇ ಪುಸ್ತಕದಲ್ಲಿರುತ್ತೆ, ಹೆಸರಿನ ಪ್ರಕಾರ ಹುಡುಕೋಕೆ ಇಂಡೆಕ್ಸ್ 1, ಆಸ್ತಿ ಪ್ರಕಾರ ಹುಡುಕೋಕೆ ಇಂಡೆಕ್ಸ್ 2. ಶುಲ್ಕ ಕಟ್ಟಿ ಯಾರು ಬೇಕಾದ್ರೂ ನೋಡಬಹುದು ಅಂತ ಕಾಯ್ದೆಯಲ್ಲೇ ಇದೆ.

ಪತ್ರ ಸಿಕ್ಕಿದ ಮೇಲೆ ಮಾರಿದ್ದು ಯಾರು ಕೊಂಡಿದ್ದು ಯಾರು ಅಂತಷ್ಟೇ ನೋಡಿ ಮಡಚಿ ಇಡ್ಬೇಡಿ. ಮೂರು ಜಾಗ ನಿಧಾನವಾಗಿ ಓದಿ. ಒಂದು ಚಕ್ಕುಬಂದಿ. ಪೂರ್ವಕ್ಕೆ ಇಂಥೋರ ಜಮೀನು, ಪಶ್ಚಿಮಕ್ಕೆ ಇಂಥೋರದು ಅಂತ ಬರೆದಿರ್ತಾರಲ್ಲ, ಪಾಲಾದ ಅಣ್ಣತಮ್ಮಂದಿರ ಹೊಲ ಪಕ್ಕಪಕ್ಕದಲ್ಲೇ ಇರೋದು, ಕಾಣೆಯಾದ ತಮ್ಮ ಚಕ್ಕುಬಂದೀಲಿ ಸಿಕ್ತಾನೆ. ಎರಡು ಸಾಕ್ಷಿಗಳು, ಸಾಮಾನ್ಯವಾಗಿ ಭಾವಮೈದ, ಸೋದರಮಾವ, ಬೀಗರು, ಅಂದ್ರೆ ಹೆಣ್ಣಿನ ಕಡೆಯೋರ ಸುಳಿವು. ಮೂರನೇದು ಪತ್ರ ಯಾಕೆ ಬರೀತಾ ಇದೀವಿ ಅಂತ ಶುರುವಲ್ಲಿ ಹೇಳೋ ನಾಲ್ಕು ಸಾಲು, "ನಮ್ಮ ಗೃಹಕೃತ್ಯದ ಖರ್ಚಿನ ಬಗ್ಗೆ", "ಮಗಳ ಲಗ್ನದ ಬಗ್ಗೆ", "ಕೈಸಾಲ ತೀರಿಸುವ ಬಗ್ಗೆ". ಆ ಮನೆಯ ಕಷ್ಟ ಸುಖ ಇರೋದು ಆ ನಾಲ್ಕು ಸಾಲಲ್ಲಿ.

ನನಗೆ ಎರಡು ಪತ್ರ ಸಿಕ್ತು. ಮೊದಲನೇದು ಧಾತು ಸಂವತ್ಸರದ್ದು, 1936. ಅದೇ ಖುಷ್ಕಿ ಹೊಲ ಭೋಗ್ಯಕ್ಕೆ, ಅಂದ್ರೆ ಸಾಲಕ್ಕೆ ಅಡವು, ಹಾಕಿದಾರೆ, ಬರೆದುಕೊಟ್ಟೋರು ಇಬ್ಬರು, ಮುತ್ತಾತ ಮತ್ತೆ ಅವರ ತಮ್ಮ, "ಹಾಲಿ ಕಸಬು ಗಣಿ ಕೂಲಿ" ಅಂತ ಇದೆ. ಮುತ್ತಾತನಿಗೆ ತಮ್ಮ ಇದ್ರು ಅನ್ನೋದೇ ನಮಗೆ ಯಾರಿಗೂ ಗೊತ್ತಿರಲಿಲ್ಲ! ಎರಡನೇದು 1943ರ ಭೋಗ್ಯ ತೀರುವಳಿ ಪತ್ರ. ಬರೆದುಕೊಟ್ಟೋರು ಭೋಗ್ಯ ಹಿಡಿದಿದ್ದ ಸಾಹುಕಾರರು, ಹೊಲ ಬಿಡಿಸ್ಕೊಂಡೋರು ಮುತ್ತಾತ ಒಬ್ಬರೇ, ಹಣ ಎಲ್ಲಿಂದ ಬಂತು ಅಂತ ಬರೆದಿರೋ ಸಾಲು ಇದು: ನಿಮ್ಮ ತಮ್ಮನು ಗಣಿಯಲ್ಲಿ ಅಪಘಾತದಿಂದ ಮೃತನಾದ್ದರಿಂದ ಬಂದ ಪರಿಹಾರದ ಹಣದಲ್ಲಿ. ಕೆಳಗೆ ಮುತ್ತಾತನ ಎಡಗೈ ಹೆಬ್ಬೆಟ್ಟು ಒತ್ತಿದ್ದಾಗಿ ನಮೂದು.

ಗಣೀಲಿ ಹೋಗಿದ್ದು ತಮ್ಮ. ಮದುವೆ ಆಗಿರಲಿಲ್ಲ, ಮಕ್ಕಳಿರಲಿಲ್ಲ, ಹಾಗಾಗಿ ವಂಶವೃಕ್ಷದಲ್ಲಿ ಹೆಸರಿಲ್ಲ. ನಾಡಕಚೇರೀಲಿ ಕೊಡೋ ವಂಶವೃಕ್ಷ ವಾರಸುದಾರರಿಗೋಸ್ಕರ ಮಾಡಿದ್ದು, ಮಕ್ಕಳಿಲ್ಲದೆ ಹೋದೋರು ಎರಡು ತಲೆಮಾರಲ್ಲಿ ಅದರಿಂದ ಅಳಿಸಿಹೋಗ್ತಾರೆ. ಮನೇಲಿ ಉಳಿದಿದ್ದು ಸಾವಿನ ಸುದ್ದಿ ಮಾತ್ರ, ಅದು ನಿಧಾನವಾಗಿ ಅಣ್ಣನ ಹೆಸರಿಗೆ ಅಂಟ್ಕೊಂಡುಬಿಟ್ಟಿತ್ತು.

ಶಾಲೆ, ಜನನ ಮರಣ

ಊರ ಸರ್ಕಾರಿ ಶಾಲೆ ದಾಖಲಾತಿ ರಿಜಿಸ್ಟರ್ ಶಾಶ್ವತ ದಾಖಲೆ, ಮುಖ್ಯೋಪಾಧ್ಯಾಯರ ಬೀರುವಲ್ಲಿರುತ್ತೆ. ಮಗುವಿನ ಹೆಸರು, ಪೋಷಕರ ಹೆಸರು, ಕಸಬು, ವಾಸ. ಹುಟ್ಟಿದ ತಾರೀಖು ಮಾತ್ರ ನಂಬ್ಬೇಡಿ, ಮೇಷ್ಟ್ರು ಅಂದಾಜಲ್ಲಿ ಹಾಕಿದ್ದು, ಅರ್ಧ ಊರಿನ ಮಕ್ಕಳೆಲ್ಲಾ ಜೂನ್ 1ಕ್ಕೆ ಹುಟ್ಟಿರ್ತಾರೆ. ನಮ್ಮ ಚಿಕ್ಕತಾತ 1944ರಲ್ಲಿ ಶಾಲೆಗೆ ಸೇರಿದಾಗ ಪೋಷಕರ ಕಸಬು "ವ್ಯವಸಾಯ", ವಾಸ ಊರೇ. ಅಂದ್ರೆ ಮುತ್ತಾತ ತಮ್ಮ ಹೋದ ಮೇಲೆ ಹೊಲ ಬಿಡಿಸ್ಕೊಂಡು ಊರಿಗೆ ಬಂದುಬಿಟ್ಟಿದಾರೆ. ಮೂರು ಬೇರೆ ಬೇರೆ ಕಡೆಯ ಕಾಗದ ಒಂದೇ ಮಾತು ಹೇಳಿದ ಮೇಲೆ ನಾನು ನಂಬಿದ್ದು.

ಹಳೇ ಜನನ ಮರಣ ರಿಜಿಸ್ಟರ್‌ಗಳಿಗೆ ತಾಲೂಕು ಕಚೇರೀಲಿ ಅರ್ಜಿ ಕೊಡಿ. ಮಕ್ಕಳಿಗೆ ಹೆಸರು ಇಡೋಕೆ ಮುಂಚೆನೇ ಬರೆಸಿರೋದ್ರಿಂದ "ಗಂಡು ಮಗು", "ಹೆಣ್ಣು ಮಗು" ಅಂತಷ್ಟೇ ಇರುತ್ತೆ, ತಂದೆ ಹೆಸರಲ್ಲಿ ಹುಡುಕಿ.

ಕೆಜಿಎಫ್‌ಗೆ ಹೋದೋರನ್ನ ಹುಡುಕೋದು

ಮೊದಲು ಯಾವ ಗಣಿ ಅಂತ ತಿಳ್ಕೊಳ್ಳಿ. ಮೈಸೂರು ಮೈನು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಇವೆಲ್ಲಾ ಬೇರೆ ಬೇರೆ ಕಂಪನಿ ಹೆಸರಲ್ಲಿದ್ವು. 1956ರಲ್ಲಿ ಮೈಸೂರು ಸರ್ಕಾರ ತಗೊಳ್ತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯ್ತು, 2001ರ ಫೆಬ್ರವರಿ 28ಕ್ಕೆ ಮುಚ್ತು. 1956ರ ಈಚೆಗೆ ಕೆಲಸ ಮಾಡಿದ್ದೋರಾದ್ರೆ ಮನೇಲೇ ಪಿಎಫ್, ಗ್ರಾಚ್ಯುಯಿಟಿ ಕಾಗದ ಇರೋ ಸಾಧ್ಯತೆ ಜಾಸ್ತಿ, ಅದರಲ್ಲಿ ನೌಕರನ ನಂಬರ್ ಇರುತ್ತೆ, ಹೆಸರಿಗಿಂತ ಆ ನಂಬರೇ ಗಟ್ಟಿ. ಹಿಂದಿನೋರಿಗೆ ಕಷ್ಟ. ಕ್ರೈಸ್ತ ಕುಟುಂಬಗಳಾದ್ರೆ ಅಲ್ಲಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕ ನೋಡಿ. ಸಾವಿನ ಅಪಘಾತಗಳ ವಿಷಯ ಮೈಸೂರು ಸರ್ಕಾರದ ಗಣಿ ಇನ್‌ಸ್ಪೆಕ್ಟರರ ವರದಿಗಳಲ್ಲಿ ಬರ್ತಿತ್ತು, ಇಂಥ ಸರ್ಕಾರಿ ಕಡತಗಳಿಗೆ ಬೆಂಗಳೂರಲ್ಲಿ ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಬೇಕು. ನಾನು ಈಗ ಇರೋದು ಈ ಹಂತದಲ್ಲೇ.

ಮಾರಿಕುಪ್ಪಂ, ಕೋರಮಂಡಲ್ ಕಡೆ ಲೈನ್ ಮನೆಗಳಲ್ಲಿ (ಗಣಿ ಕಾರ್ಮಿಕರ ಸಾಲುಮನೆ) ಇರೋ ಹಿರಿಯರನ್ನೂ ಮಾತಾಡಿಸಿ, ತಮಿಳು ಬರೋ ಒಬ್ಬರನ್ನ ಜೊತೇಲಿ ಕರ್ಕೊಂಡು ಹೋಗಿ. ಯಾವ ಊರಿಂದ ಬಂದೋರು ಯಾವ ಲೈನಲ್ಲಿದ್ರು ಅನ್ನೋದು ಅವರಿಗೆ ಗೊತ್ತಿರುತ್ತೆ.

ಹೆಂಗಸರು, ಜಮೀನಿಲ್ಲದೋರು

ನಮ್ಮ ದಾಖಲೆಗಳಲ್ಲಿ ಹೆಂಗಸರನ್ನ ಹುಡುಕೋದು ನಿಜವಾಗ್ಲೂ ನೋವಿನ ಕೆಲಸ, ಐವತ್ತು ವರ್ಷ ಮನೆ ನಡೆಸಿದೋರ ಹೆಸರು ಒಂದು ಕಡೆನೂ ಇರಲ್ಲ. ಸಿಗೋ ಜಾಗ ಇಷ್ಟು: ಗಂಡ ಸತ್ತು ಮಕ್ಕಳು ಚಿಕ್ಕೋರಿದ್ದಾಗ ಮೈ.ಗಾ. ತಾಯಿ ಅಂತ ಪೌತಿ ನಮೂದಲ್ಲಿ, ದಾನಪತ್ರದಲ್ಲಿ, ಕೋಂ ಅಂತ ಕ್ರಯಪತ್ರದಲ್ಲಿ, ಮತ್ತೆ ಆ ಪಾತ್ರೆ ಮೇಲೆ. ತವರಿನ ಊರು ಸಿಕ್ಕಿದ್ರೆ ಅಲ್ಲಿಗೆ ಹೋಗಿ ಸೋಬಾನೆ ಹಾಡೋ ಅಜ್ಜಿಯರನ್ನ ಕೇಳಿ, ಯಾವ ಹೆಣ್ಣನ್ನ ಯಾವ ಊರಿಗೆ ಕೊಟ್ರು ಅನ್ನೋ ಲೆಕ್ಕ ಅವರ ಬಾಯಲ್ಲಿರುತ್ತೆ.

ಜಮೀನೇ ಇಲ್ಲದಿದ್ರೆ ಮನೆದೇವರಿಂದ ಶುರು ಮಾಡಿ. ಈಗಿರೋ ಊರು ಒಂದು, ಮನೆದೇವರು ನಲವತ್ತು ಮೈಲಿ ಆಚೆ ಅಂದ್ರೆ ಹಿರಿಯರು ಆ ಕಡೆಯಿಂದ ಬಂದಿರೋ ಸಾಧ್ಯತೆ ಇದೆ. ಆ ಗುಡಿಯ ಪೂಜಾರಿಗೆ ಯಾವ್ಯಾವ ಊರಿನ ಒಕ್ಕಲು ಬರ್ತಾರೆ ಅಂತ ಗೊತ್ತಿರುತ್ತೆ. ಊರು ಎಷ್ಟು ಹಳೇದು ಅಂತ ನೋಡೋಕೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ ಇದೆ, ಕೋಲಾರದ್ದು 10ನೇ ಸಂಪುಟ, ತುಮಕೂರಿಂದು 12ನೇದು. ನಿಮ್ಮ ಊರ ವೀರಗಲ್ಲು ಅದರಲ್ಲಿದ್ರೂ ಇರಬಹುದು, ಆದ್ರೆ ಆ ವೀರನೇ ನಮ್ಮ ಮೂಲಪುರುಷ ಅಂತ ಕಾಗದ ಇಲ್ಲದೆ ಗಂಟು ಹಾ‌ಕ್ಬೇಡಿ.

ಸಂಬಂಧಿಕರ ವಿಷಯ

ಹಳೇ ಪಹಣಿ ತೆಗೆಸ್ತಾ ಇದಾನೆ ಅಂತ ಗೊತ್ತಾದ ತಕ್ಷಣ ಊರಲ್ಲಿ ಒಂದೇ ಮಾತು, ಪಾಲು ಕೇಳೋಕೆ ಬಂದಿದಾನೆ ಅಂತ. ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ ಆಗ್ಬೇಕು, ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ರು. ಆ ನೋವು ಬೇಡ ಅಂದ್ರೆ ಅರ್ಜಿ ಕೊಡೋ ಮುಂಚೆನೇ ಎಲ್ಲರನ್ನೂ ಕೂರಿಸ್ಕೊಂಡು ಇದು ಯಾತಕ್ಕೆ ಅಂತ ಹೇಳಿ, ಸಿಕ್ಕಿದ ಪ್ರತಿ ಕಾಗದದ ಜೆರಾಕ್ಸ್ ಎಲ್ಲರ ಮನೆಗೂ ಕೊಡಿ. ನಾನು ಭೋಗ್ಯದ ಪತ್ರ ತಗೊಂಡು ಹೋಗಿ ಅಣ್ಣನಿಗೆ ಓದಿ ಹೇಳಿದೆ, ಅವತ್ತಿಂದ ಅವರೇ ನನ್ನ ಜೊತೆ ಬಂಗಾರಪೇಟೆಗೆ ಬರ್ತಾ ಇದಾರೆ.

ಬರೆದಿಡೋದು ಒಂದು ನೋಟ್‌ಬುಕ್ಕಲ್ಲಿ ಸಾಕು. ಪ್ರತಿ ಸಂಗತಿ ಮುಂದೆ ಅದು ಯಾರ ಮಾತು, ಯಾವ ಕಾಗದ, ಯಾವ ದಿನ ನೋಡಿದ್ದು ಅಂತ ಬರೀರಿ. ಕೇಳಿದ್ದನ್ನ ಒಂದು ಬಣ್ಣದ ಪೆನ್ನಲ್ಲಿ, ಕಾಗದದಲ್ಲಿ ನೋಡಿದ್ದನ್ನ ಇನ್ನೊಂದು ಬಣ್ಣದಲ್ಲಿ. ಎರಡೂ ಹೊಂದದೆ ಹೋದ್ರೆ ಒಂದನ್ನ ಹೊಡೆದುಹಾಕ್ಬೇಡಿ. "ಗಣೀಲಿ ಹೋದೋರು" ಅನ್ನೋ ಅತ್ತೆ ಮಾತನ್ನ ನಾನು ಸುಳ್ಳು ಅಂತ ಹೊಡೆದುಹಾಕಿದ್ರೆ ತಮ್ಮ ಸಿಗ್ತಾನೇ ಇರಲಿಲ್ಲ.

ಹೋದ ವರ್ಷ ಹಿರಿಯರ ಹಬ್ಬಕ್ಕೆ ಎಲ್ಲಾ ಕಾಗದ ಅತ್ತೆ ಮುಂದೆ ಇಟ್ಟು ಓದಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ರು. ಆಮೇಲೆ "ಹಂಗಾದ್ರೆ ಇಷ್ಟು ದಿವಸ ನಮ್ಮ ತಾತನಿಗೆ ಎಡೇನೇ ಇಟ್ಟಿಲ್ಲ ಅಲ್ವೇನೋ" ಅಂದು ಎದ್ದುಹೋಗಿ ಇನ್ನೊಂದು ಎಲೆ ತಂದು ಪಕ್ಕದಲ್ಲಿ ಹಾಕಿದ್ರು. ತಮ್ಮನ ಹೆಸರು ಪತ್ರದಲ್ಲಿ ಹೇಗಿದೆಯೋ ಹಂಗೇ ಎರಡು ಸಲ ನನ್ನ ಕೈಲಿ ಓದಿಸ್ಕೊಂಡು, ಬಾಯಲ್ಲಿ ಹೇಳ್ಕೊಂಡು ನೀರು ಬಿಟ್ರು.